ರೈಡರ್-ವೇಟ್ ಟ್ಯಾರೋ: ಮುದ್ರಣದಿಂದ ಮುದ್ರಣಕ್ಕೆ ಏನು ಬದಲಾಗುತ್ತದೆ, ಯಾಕೆ

ಟ್ಯಾರೋ ಡೆಕ್ ಎಂದರೆ ಭವಿಷ್ಯ ಓದಲು ಬಳಸುವ 78 ಚಿತ್ರದ ಕಾರ್ಡುಗಳ ಕಟ್ಟು. ಎರಡು ಪೆಟ್ಟಿಗೆಗಳ ಮೇಲೂ ‘ರೈಡರ್-ವೇಟ್’ ಎಂದೇ ಬರೆದಿರುತ್ತದೆ. ಒಳಗಿನ, ಹುಡುಗನೊಬ್ಬನ ಚಿತ್ರವಿರುವ ಫೂಲ್ ಕಾರ್ಡುಗಳನ್ನು ತೆಗೆದು ಪಕ್ಕಪಕ್ಕ ಇಟ್ಟರೆ ಒಂದರ ಆಕಾಶ ನಿಂಬೆಹಣ್ಣಿನ ಹಳದಿ, ಇನ್ನೊಂದರದು ಸಾಸಿವೆ ಬಣ್ಣ. ಒಂದರಲ್ಲಿ ಕಾರ್ಡಿನ ಹೆಸರು ಅಚ್ಚುಮೊಳೆಯ ಅಕ್ಷರದಲ್ಲಿದೆ, ಇನ್ನೊಂದರಲ್ಲಿ ಕೈಬರಹದಲ್ಲಿದೆ. ಹುಡುಗನ ಮುಖವೂ ಒಂದೇ ಥರ ಕಾಣುವುದಿಲ್ಲ. ಇವುಗಳಲ್ಲಿ ಅಸಲಿ ಯಾವುದು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದಕ್ಕೆ ನೇರ ಉತ್ತರ ಸಿಗದಿರಲು ಒಂದು ಕಾರಣವಿದೆ: ಈ ಡೆಕ್ಕಿಗಾಗಿ ಬರೆದ ಮೂಲ ಚಿತ್ರಗಳು ಇಂದು ಎಲ್ಲಿಯೂ ಉಳಿದಿರುವುದು ಗೊತ್ತಿಲ್ಲ. ನಮ್ಮ ಕೈಯಲ್ಲಿರುವುದು ಹಳೆಯ ಮುದ್ರಣಗಳು ಮಾತ್ರ. ಹಾಗಾಗಿ ‘ಒರಿಜಿನಲ್’ ಎಂದು ಮುಖಪುಟದಲ್ಲಿ ಬರೆದುಕೊಂಡ ಆವೃತ್ತಿ ಕೂಡ ಯಾವುದೋ ಒಂದು ಹಳೆಯ ಪ್ರತಿಯ ನಕಲೇ ಹೊರತು ಕಲಾವಿದೆಯ ಕೈಯಿಂದ ಇಳಿದ ಚಿತ್ರದ ನಕಲಲ್ಲ.

ಇದನ್ನು ಒಪ್ಪಿಕೊಂಡರೆ ಹೋಲಿಕೆ ಸುಲಭವಾಗುತ್ತದೆ. ಯಾವ ಆವೃತ್ತಿಯನ್ನು ಕೈಗೆತ್ತಿಕೊಂಡರೂ ಕೇಳಬೇಕಾದ್ದು ಮೂರೇ: ಗೆರೆ ಎಲ್ಲಿಂದ ಬಂತು, ಬಣ್ಣ ಯಾರು ಹಾಕಿದರು, ಯಾವ ರಟ್ಟಿನ ಮೇಲೆ ಅಚ್ಚಾಯಿತು.

ಮೊದಲ ಮುದ್ರಣ ಮತ್ತು ಕಲ್ಲಚ್ಚಿನ ಸಮಸ್ಯೆ

ಡೆಕ್ ಹೊರಬಂದದ್ದು 1909ರ ಡಿಸೆಂಬರ್‌ನಲ್ಲಿ, ಲಂಡನ್ನಿನ ವಿಲಿಯಂ ರೈಡರ್ ಆ್ಯಂಡ್ ಸನ್ ಪ್ರಕಾಶನದಿಂದ. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಅವರದು. ಇಬ್ಬರೂ ಗೋಲ್ಡನ್ ಡಾನ್ ಎಂಬ ಗೂಢವಿದ್ಯಾ ಸಂಘದ ಸದಸ್ಯರಾಗಿದ್ದವರು. ಆದರೂ ಡೆಕ್ಕಿಗೆ ಅಂಟಿಕೊಂಡ ಹೆಸರು ಪ್ರಕಾಶಕರದ್ದು ಮತ್ತು ವೇಟ್ ಅವರದ್ದು. 78 ಚಿತ್ರಗಳನ್ನು ಬರೆದ ಕೈಯ ಹೆಸರು ದಶಕಗಳ ಕಾಲ ಪೆಟ್ಟಿಗೆಯ ಮೇಲೆ ಬರಲೇ ಇಲ್ಲ. ಈಗ ಹಲವರು ‘ರೈಡರ್-ವೇಟ್-ಸ್ಮಿತ್’ ಅಥವಾ ‘ವೇಟ್-ಸ್ಮಿತ್’ ಎನ್ನುವುದು ಆ ಅನ್ಯಾಯವನ್ನು ಸರಿಪಡಿಸಲು. ಅದು ಆಗಲೇಬೇಕಾದ ತಿದ್ದುಪಡಿ. ಇಟಲಿಯ 15ನೇ ಶತಮಾನದ ಸೋಲಾ ಬುಸ್ಕಾ ಡೆಕ್ಕನ್ನು ಬಿಟ್ಟರೆ, ಸಂಖ್ಯೆಯ ಕಾರ್ಡುಗಳಿಗೂ ಪೂರ್ಣ ದೃಶ್ಯ ಬರೆದ ಉದಾಹರಣೆ ಸ್ಮಿತ್ ಅವರ ಡೆಕ್ಕಿಗೆ ಮುಂಚೆ ತೀರಾ ಅಪರೂಪ. ಥ್ರೀ ಆಫ್ ಸೋರ್ಡ್ಸ್‌ನಲ್ಲಿ ಹೃದಯಕ್ಕೆ ನಾಟಿದ ಮೂರು ಕತ್ತಿಗಳನ್ನು ನೋಡಿದರೆ ಸ್ಮಿತ್ ಆ ಹಳೆಯ ಇಟಾಲಿಯನ್ ಡೆಕ್ಕನ್ನು ನೋಡಿದ್ದರೆಂಬುದು ಸ್ಪಷ್ಟ.

ಮುದ್ರಣ ಹೇಗೆ ಬರುತ್ತದೋ ಎಂಬ ಅನುಮಾನ ಸ್ಮಿತ್ ಅವರಿಗೆ ಮೊದಲೇ ಇತ್ತು. 1909ರ ನವೆಂಬರ್ 19ರಂದು ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರಿಗೆ ಬರೆದ ಪತ್ರದಲ್ಲಿ, ಬಹಳ ಕಡಿಮೆ ಹಣಕ್ಕೆ ಒಂದು ದೊಡ್ಡ ಕೆಲಸ ಮುಗಿಸಿದ್ದಾಗಿಯೂ, ಅದು ಬಣ್ಣದ ಕಲ್ಲಚ್ಚಿನಲ್ಲಿ (ಲಿಥೋಗ್ರಫಿ) ಬರಲಿದ್ದು ಬಹುಶಃ ಕೆಟ್ಟದಾಗಿಯೇ ಬರುತ್ತದೆಂದೂ ಅವರು ಹೇಳಿಕೊಂಡಿದ್ದಾರೆ.

ಆ ಅನುಮಾನಕ್ಕೆ ಆಧಾರವಿತ್ತು. ಕಲ್ಲಚ್ಚಿನಲ್ಲಿ ಚಿತ್ರವನ್ನು ಕ್ಯಾಮೆರಾ ಹಿಡಿದಂತೆ ಹಿಡಿಯುವುದಿಲ್ಲ. ಕಪ್ಪು ಗೆರೆಗೆ ಒಂದು ಪಡಿಯಚ್ಚು, ಹಳದಿಗೆ ಒಂದು, ಕೆಂಪಿಗೆ ಒಂದು, ನೀಲಿಗೆ ಒಂದು, ಹೀಗೆ ಪ್ರತಿ ಬಣ್ಣಕ್ಕೂ ಬೇರೆ ಬೇರೆ. ನೆರಳು ಬೇಕಾದ ಕಡೆ ಮುದ್ರಣಾಲಯದ ಕುಶಲಕರ್ಮಿ ಕೈಯಿಂದ ಸಣ್ಣ ಸಣ್ಣ ಚುಕ್ಕಿ ಇಟ್ಟು ಬಣ್ಣವನ್ನು ತಿಳಿಯಾಗಿಸುತ್ತಾನೆ. ಎಂದರೆ ಕಲಾವಿದೆ ಮತ್ತು ಕಾಗದದ ನಡುವೆ ಇನ್ನೊಂದು ಕೈ ಇದೆ. ಅಚ್ಚು ಸವೆದು ಹೊಸದಾಗಿ ಮಾಡಬೇಕಾದಾಗ ಗೆರೆಯನ್ನು ಮತ್ತೊಮ್ಮೆ ಎತ್ತಿ ಬರೆಯಬೇಕಾಗುತ್ತದೆ. ಹಾಗೆ ಬರೆಯುವಾಗ ಹುಬ್ಬು ಒಂದು ಕೂದಲಿನಷ್ಟು ಮೇಲೇರಿದರೆ ಮುಖದ ಭಾವವೇ ಬದಲಾಗುತ್ತದೆ.

ಹಳೆಯ ಡೆಕ್ಕುಗಳನ್ನು ಗುರುತಿಸಲು ಇಂದು ಎಲ್ಲರೂ ಬಳಸುವ ಪ್ಯಾಮ್-ಎ, ಪ್ಯಾಮ್-ಬಿ, ಪ್ಯಾಮ್-ಸಿ, ಪ್ಯಾಮ್-ಡಿ ಎಂಬ ವಿಂಗಡಣೆ ನಿಂತಿರುವುದು ಇದರ ಮೇಲೆಯೇ. ಡೆನ್ಮಾರ್ಕಿನ ಸಂಶೋಧಕ ಕೆ. ಫ್ರಾಂಕ್ ಯೆನ್ಸೆನ್ ರೂಪಿಸಿದ ಈ ಪದ್ಧತಿ ಗೆರೆಯ ಸಣ್ಣ ಸಣ್ಣ ವ್ಯತ್ಯಾಸಗಳನ್ನು ನೋಡುತ್ತದೆ. ಇಲ್ಲಿ ಪ್ಯಾಮ್ ಎಂದರೆ ಪಮೇಲಾ. ಇವಕ್ಕಿಂತ ಬೇರೆಯಾಗಿ ನಿಲ್ಲುವುದು ಬೆನ್ನಿನ ಮೇಲೆ ಗುಲಾಬಿ ಮತ್ತು ಲಿಲ್ಲಿ ಹೂವುಗಳಿರುವ ಅತ್ಯಂತ ಹಳೆಯ ಮುದ್ರಣ. ಸಂಗ್ರಹಕಾರರು ಅದನ್ನು ‘ರೋಸಸ್ ಆ್ಯಂಡ್ ಲಿಲೀಸ್’ ಎಂದೇ ಕರೆಯುತ್ತಾರೆ. ಆಮೇಲಿನ ಹಳೆಯ ಮುದ್ರಣಗಳ ಬೆನ್ನಿನ ಮೇಲೆ ಒಣಗಿ ಬಿರುಕು ಬಿಟ್ಟ ಕೆರೆಯ ತಳದಂಥ ವಿನ್ಯಾಸ ಬಂತು.

ಸನ್ ಕಾರ್ಡು ಈ ಗೆರೆಯ ಜಾಡು ಹಿಡಿಯಲು ಒಳ್ಳೆಯ ಜಾಗ. ಕೆಲವು ಆವೃತ್ತಿಗಳಲ್ಲಿ ರೋಮನ್ ಅಂಕಿಯಲ್ಲಿರುವ 19ರ ಪಕ್ಕ, ಸೂರ್ಯಕಿರಣಗಳ ನಡುವೆ, ಒಂದು ಸಣ್ಣ ಅಂಕುಡೊಂಕು ಕಪ್ಪು ಗೆರೆ ಕಾಣುತ್ತದೆ. ಕೆಲವದರಲ್ಲಿ ಅದಿಲ್ಲ. ಅದು ಗೂಢ ಸಂಕೇತವೆಂದು ಅರ್ಥ ಹಚ್ಚುವವರೂ ಇದ್ದಾರೆ. ಆದರೆ ಅದರ ನಿಜವಾದ ಉಪಯೋಗ ಇಷ್ಟೇ: ಎರಡು ಡೆಕ್ಕುಗಳಲ್ಲಿ ಒಂದಕ್ಕೆ ಆ ಗೆರೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಒಂದೋ ಅವು ಬೇರೆ ಬೇರೆ ಹಳೆಯ ಮುದ್ರಣಗಳಿಂದ ಹುಟ್ಟಿದವು, ಇಲ್ಲವೇ ನಡುವೆ ಯಾರೋ ಅದನ್ನು ಕಲೆಯೆಂದು ತಿಳಿದು ಅಳಿಸಿದ್ದಾರೆ.

ಮರುಮುದ್ರಣ, ಮರುಬಣ್ಣ, ಮರುರಚನೆ

ಮಾರಾಟಕ್ಕಿರುವ ಡೆಕ್ಕುಗಳನ್ನೆಲ್ಲ ‘ಆವೃತ್ತಿ’ ಎಂಬ ಒಂದೇ ಮಾತಿನಲ್ಲಿ ಸೇರಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಇವುಗಳಲ್ಲಿ ಮೂರು ಜಾತಿ ಇವೆ. ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಗೆರೆ, ಬಣ್ಣ ಎರಡನ್ನೂ ಉಳಿಸಿಕೊಂಡದ್ದು ಮರುಮುದ್ರಣ. ಗೆರೆಯನ್ನು ಉಳಿಸಿಕೊಂಡು ಬಣ್ಣವನ್ನು ಹೊಸದಾಗಿ ಹಾಕಿದ್ದು ಮರುಬಣ್ಣ. ದೃಶ್ಯವನ್ನಷ್ಟೇ ಇಟ್ಟುಕೊಂಡು ಬೇರೊಬ್ಬ ಕಲಾವಿದ ಮೊದಲಿಂದ ಬರೆದದ್ದು ಮರುರಚನೆ. ಇಟಲಿಯ ಟ್ಯೂರಿನ್ ನಗರದ ಲೋ ಸ್ಕಾರಬೇಯೊ ಪ್ರಕಾಶನಕ್ಕಾಗಿ ರೊಬೆರ್ಟೊ ದೆ ಆಂಜೆಲಿಸ್ ಬರೆದ ‘ಯೂನಿವರ್ಸಲ್ ಟ್ಯಾರೋ’ ಮೂರನೆಯ ಜಾತಿಯದು. ದೃಶ್ಯಗಳು ಸ್ಮಿತ್ ಅವರದು, ಗೆರೆ ಒಂದೂ ಅವರದಲ್ಲ. ಹೆಸರು ಹತ್ತಿರವಿರುವ ಕಾರಣಕ್ಕೆ ಇದನ್ನು ಮುಂದೆ ಹೇಳಲಿರುವ ‘ಯೂನಿವರ್ಸಲ್ ವೇಟ್’ ಎಂದು ತಿಳಿದು ಖರೀದಿಸಿ, ಮನೆಗೆ ಹೋದ ಮೇಲೆ ಪೇಚಾಡುವವರು ಬಹಳ. ಎರಡೂ ಬೇರೆ ಡೆಕ್ಕುಗಳು.

ಮುಖ್ಯವಾದವನ್ನು ಕಾಲಕ್ರಮದಲ್ಲಿ ನೋಡೋಣ.

ಅಮೆರಿಕದಲ್ಲಿ ಈ ಡೆಕ್ ಹರಡಿದ್ದು ಮೊದಲು ಅನುಮತಿಯಿಲ್ಲದ ನಕಲುಗಳಿಂದ. ಶಿಕಾಗೊದ ಎಲ್. ಡಬ್ಲ್ಯು. ಡಿ ಲಾರೆನ್ಸ್ ಅವರ ನಕಲು ಅವುಗಳಲ್ಲಿ ಹೆಸರಾದದ್ದು. 1968ರಲ್ಲಿ ಫ್ರಾಂಕಿ ಆಲ್ಬಾನೊ ತಮ್ಮ ಆಲ್ಬಾನೊ-ವೇಟ್ ಡೆಕ್ಕನ್ನು ತಂದರು. ಗೆರೆ ಹಳೆಯದೇ, ಬಣ್ಣ ಮಾತ್ರ ಗಾಢ, ಕಣ್ಣಿಗೆ ಹೊಡೆಯುವಂಥದ್ದು. ಆ ದಶಕದ ಭಿತ್ತಿಪತ್ರಗಳ ಬಣ್ಣದ ರುಚಿ ಅದರಲ್ಲಿ ನೇರವಾಗಿ ಕಾಣುತ್ತದೆ.

ಬಹುಪಾಲು ಜನ ‘ರೈಡರ್-ವೇಟ್’ ಎಂದಾಗ ಮನಸ್ಸಿನಲ್ಲಿ ಕಾಣುವುದು 1971ರ ಯುಎಸ್ ಗೇಮ್ಸ್ ಸಿಸ್ಟಮ್ಸ್ ಡೆಕ್ಕನ್ನು. ಸ್ಟುವರ್ಟ್ ಕ್ಯಾಪ್ಲನ್ ಸ್ಥಾಪಿಸಿದ ಈ ಸಂಸ್ಥೆಯ ಹಳದಿ ಪೆಟ್ಟಿಗೆಯೇ ಜಗತ್ತಿನಾದ್ಯಂತ ಕಲಿಯುವವರ ಮೊದಲ ಡೆಕ್. ಇದರ ಬಣ್ಣಗಳು ಚಪ್ಪಟೆ, ಸ್ಪಷ್ಟ. ಆಕಾಶಗಳು ಒಂದೇ ಹದದ ಹಳದಿ, ಬೂದು, ನೀಲಿ. ಸ್ಮಿತ್ ಅವರ ಕೈಬರಹದ ಶೀರ್ಷಿಕೆಗಳನ್ನು ತೆಗೆದು ಒಂದೇ ಅಳತೆಯ ಅಚ್ಚಕ್ಷರ ಹಾಕಿದ್ದಾರೆ. ಕಾರ್ಡಿನ ಅಂಚಿನಲ್ಲಿ ಹಕ್ಕುಸ್ವಾಮ್ಯದ ಸಾಲು ಇದೆ. ಬೆನ್ನಿನ ಮೇಲೆ ನೀಲಿ ಚೌಕುಳಿ. ಇದರ ಬಣ್ಣವನ್ನು ಟೀಕಿಸುವುದು ಈಗ ರೂಢಿಯಾಗಿದೆ. ಆ ಟೀಕೆಯಲ್ಲಿ ಸತ್ಯವಿದೆ, ಅಕ್ಷರಗಳ ಬದಲಾವಣೆ ನಿಜಕ್ಕೂ ನಷ್ಟವೇ. ಆದರೆ ಕಲಿಯುವವರಿಗೆ ಚಪ್ಪಟೆ ಬಣ್ಣದಿಂದ ಒಂದು ದೊಡ್ಡ ಅನುಕೂಲವಿದೆ. ಮೇಜಿನ ಮೇಲೆ ಹತ್ತು ಕಾರ್ಡು ಹರಡಿದಾಗ ಯಾವುದು ಹಳದಿ ಹಿನ್ನೆಲೆ, ಯಾವುದು ಬೂದು, ಯಾವುದು ಕಪ್ಪು ಎಂಬುದು ಒಂದೇ ನೋಟಕ್ಕೆ ಬೇರೆಯಾಗುತ್ತದೆ. ಪುಸ್ತಕಗಳಲ್ಲಿ, ಪಾಠಗಳಲ್ಲಿ ಬರುವ ಚಿತ್ರವೂ ಹೆಚ್ಚಾಗಿ ಇದೇ ಆಗಿರುವುದರಿಂದ ಓದಿದ್ದಕ್ಕೂ ಕೈಯಲ್ಲಿರುವುದಕ್ಕೂ ತಾಳೆಯಾಗುತ್ತದೆ.

1990ರ ‘ಯೂನಿವರ್ಸಲ್ ವೇಟ್’ಗೆ ಮೇರಿ ಹ್ಯಾನ್ಸನ್-ರಾಬರ್ಟ್ಸ್ ಹೊಸ ಬಣ್ಣ ಹಾಕಿದರು. ಬಣ್ಣದ ಪೆನ್ಸಿಲ್ಲಿನ ಮೃದುವಾದ ಛಾಯೆ, ಗುಂಡಗಾದ ಕೆನ್ನೆ, ತಿಳಿಯಾದ ನೆರಳು. ಮುಖಗಳು ಇಲ್ಲಿ ಹೆಚ್ಚು ಸೌಮ್ಯ. ಬೇರೆಯವರಿಗಾಗಿ ಕಾರ್ಡು ಓದುವವರಲ್ಲಿ ಇದಕ್ಕೆ ಅಭಿಮಾನಿಗಳು ಹೆಚ್ಚಿರುವುದು ಈ ಸೌಮ್ಯತೆಯಿಂದಲೇ. ಎದುರು ಕುಳಿತವರಿಗೆ ಡೆತ್ (ಸಾವು) ಅಥವಾ ಟವರ್ (ಗೋಪುರ) ಕಾರ್ಡು ಬಂದಾಗ ಬೆಚ್ಚಿಬೀಳುವಂತಾಗುವುದಿಲ್ಲ. ಆದರೆ ಸ್ಮಿತ್ ಅವರ ಗೆರೆಯಲ್ಲಿದ್ದ ಮರಗೆತ್ತನೆಯಂಥ ಗಡಸುತನ ಇಲ್ಲಿ ಹಿಂದೆ ಸರಿದಿದೆ. ಫೈವ್ ಆಫ್ ಪೆಂಟಕಲ್ಸ್‌ನಲ್ಲಿ ಹಿಮದೊಳಗೆ ನಡೆಯುವ ಇಬ್ಬರು ಬಡವರ ಚಳಿ ಮೈಗೆ ತಟ್ಟಬೇಕಾದರೆ ಆ ಗಡಸುತನ ಬೇಕು.

2003ರ ‘ರೇಡಿಯಂಟ್ ರೈಡರ್-ವೇಟ್’ಗೆ ವರ್ಜಿನಿಯಸ್ ಪೋಶ್ಕಸ್ ಬಣ್ಣ ಕೊಟ್ಟರು. ಹೊಳೆಯುವ ಬಣ್ಣ, ಆಕಾಶದಲ್ಲಿ ಏರಿಳಿತ, ಬಟ್ಟೆಗಳಲ್ಲಿ ಬೆಳಕು-ನೆರಳು. ಮಂದ ಬೆಳಕಿನ ಕೋಣೆಯಲ್ಲಿ ಓದುವವರಿಗೆ ಇದು ಚೆನ್ನಾಗಿ ಒದಗುತ್ತದೆ.

2009ರಲ್ಲಿ, ಡೆಕ್ಕಿಗೆ ನೂರು ತುಂಬಿದಾಗ, ಯುಎಸ್ ಗೇಮ್ಸ್ ಸ್ಮಿತ್ ಅವರ ನೆನಪಿಗೆ ಒಂದು ಸೆಟ್ ತಂದಿತು. ಅದರ ಡೆಕ್ ಆಮೇಲೆ ‘ಸ್ಮಿತ್-ವೇಟ್ ಸೆಂಟೆನಿಯಲ್’ ಎಂಬ ಹೆಸರಿನಲ್ಲಿ ಬಿಡಿಯಾಗಿ ಸಿಗುತ್ತಿದೆ. ಹಳೆಯ ಮುದ್ರಣದ ಮಂದ ಬಣ್ಣ, ಕೈಬರಹದ ಶೀರ್ಷಿಕೆ ಎರಡೂ ಮರಳಿ ಬಂದವು, ಹೆಸರಿನಲ್ಲಿ ಸ್ಮಿತ್ ಮೊದಲು ಬಂದರು. ಲೋ ಸ್ಕಾರಬೇಯೊ ಕೂಡ 1909ರ ಮುದ್ರಣವನ್ನು ಆಧರಿಸಿದ ಡೆಕ್ಕನ್ನು ಪ್ರಕಟಿಸಿದೆ.

ಇಷ್ಟೊಂದು ಮರುಮುದ್ರಣಗಳು ಈಗೇಕೆ ಬರುತ್ತಿವೆ ಎಂಬುದಕ್ಕೆ ಕಾನೂನಿನ ಕಾರಣವೂ ಇದೆ. ಸ್ಮಿತ್ ತೀರಿಕೊಂಡದ್ದು 1951ರಲ್ಲಿ. ಬ್ರಿಟನ್ ಮತ್ತು ಯುರೋಪಿನ ಒಕ್ಕೂಟದಲ್ಲಿ ಕಲಾವಿದರ ಮರಣದ ನಂತರ 70 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆ ಅವಧಿ 2021ರ ಕೊನೆಗೆ ಮುಗಿದು, 2022ರ ಜನವರಿ 1ರಿಂದ ಆ ಚಿತ್ರಗಳು ಅಲ್ಲಿ ಎಲ್ಲರ ಸ್ವತ್ತಾದವು. ಅಮೆರಿಕದಲ್ಲಿ 1909ರ ಪ್ರಕಟಣೆಯ ಹಕ್ಕು ಅದಕ್ಕೂ ಬಹಳ ಮೊದಲೇ ಮುಗಿದಿತ್ತು. ಇದು 1909ರ ಚಿತ್ರಗಳಿಗೆ ಮಾತ್ರ ಅನ್ವಯಿಸುವ ಮಾತು. 1990ರ ಅಥವಾ 2003ರ ಹೊಸ ಬಣ್ಣಕ್ಕೆ ಅದರದೇ ಹಕ್ಕು ಬೇರೆ ಇರುತ್ತದೆ. ಚಿತ್ರಗಳನ್ನು ಎಲ್ಲಾದರೂ ಅಚ್ಚು ಹಾಕಲು ಬಳಸುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಬಣ್ಣವನ್ನು ಹೇಗೆ ಓದಬೇಕು

‘ಹಳೆಯ ಡೆಕ್ಕಿನ ಬಣ್ಣ ಮಂದ’ ಎಂಬ ಮಾತನ್ನು ಹಾಗೆಯೇ ನಂಬುವಂತಿಲ್ಲ. ನೂರು ವರ್ಷದ ಕಾರ್ಡನ್ನು ಸ್ಕ್ಯಾನ್ ಮಾಡಿದಾಗ ಸಿಗುವುದು ಅಂದಿನ ಶಾಯಿಯ ಬಣ್ಣ ಮಾತ್ರವಲ್ಲ. ಹಳದಿಗಟ್ಟಿದ ಕಾಗದ, ಬೆಳಕಿಗೆ ಮಾಸಿದ ಶಾಯಿ, ಕೈಯ ಜಿಡ್ಡು ಎಲ್ಲವೂ ಸೇರಿಕೊಂಡಿರುತ್ತವೆ. ಪ್ರಕಾಶಕರು ಅದನ್ನು ಹಾಗೆಯೇ ಬಿಟ್ಟರೆ ನಮ್ಮ ಕೈಗೆ ಬರುವುದು ವಯಸ್ಸಾದ ಪ್ರತಿಯ ಬಣ್ಣ. ಕಾಗದವನ್ನು ಬೆಳ್ಳಗೆ ಮಾಡಿದರೆ ಬರುವುದು ಹೊಸ ಪ್ರತಿ ಹೇಗಿದ್ದಿರಬಹುದು ಎಂಬ ಊಹೆಯ ಬಣ್ಣ. ಯಾವುದನ್ನೂ ತಪ್ಪೆನ್ನಲಾಗದು. ಆದರೆ ಕಂದು ಛಾಯೆ ಇದ್ದ ಮಾತ್ರಕ್ಕೆ ಅದು ಅಸಲಿಗೆ ಹತ್ತಿರ ಎಂದು ತೀರ್ಮಾನಿಸುವುದು ತಪ್ಪು.

ಇದನ್ನು ಪರೀಕ್ಷಿಸಲು ಫೂಲ್ ಕಾರ್ಡು ಸಾಕು. ಅದರಲ್ಲಿ ಸೂರ್ಯ ಬಿಳಿ, ಕೈಯ ಗುಲಾಬಿ ಬಿಳಿ, ನಾಯಿ ಬಿಳಿ. ಈ ಮೂರೂ ಕಡೆ ಶಾಯಿಯೇ ಇಲ್ಲ, ಕಾಣುವುದು ಬರಿಯ ಕಾಗದ. ಅಲ್ಲಿ ಕೆನೆಬಣ್ಣ ಕಂಡರೆ ಒಂದೋ ರಟ್ಟೇ ಕೆನೆಬಣ್ಣದ್ದು, ಇಲ್ಲವೇ ಹಳೆಯ ಕಾಗದದ ಛಾಯೆಯನ್ನು ಶಾಯಿಯಿಂದ ಅಚ್ಚು ಹಾಕಲಾಗಿದೆ. ಯಾವುದೆಂದು ತಿಳಿಯಲು ಕಾರ್ಡಿನ ಬದಿಯನ್ನು, ಎಂದರೆ ಕತ್ತರಿಸಿದ ಅಂಚಿನ ದಪ್ಪವನ್ನು ನೋಡಿ. ಬದಿ ಬೆಳ್ಳಗಿದ್ದು ಮುಖ ಕೆನೆಯಾಗಿದ್ದರೆ ಅದು ಶಾಯಿ.

ಮುಂದಿನ ಹಂತಕ್ಕೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಬೇಕು. ಇಂದಿನ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣಗಳೆಲ್ಲ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಚುಕ್ಕಿಗಳಿಂದ ಹುಟ್ಟುತ್ತವೆ. ಚುಕ್ಕಿಗಳ ಸಾಲುಗಳು ಒಂದೊಂದು ಬಣ್ಣಕ್ಕೆ ಒಂದೊಂದು ಕೋನದಲ್ಲಿರುವುದರಿಂದ ಕನ್ನಡಿಯಲ್ಲಿ ಸಣ್ಣ ಹೂವಿನಂಥ ಗುಂಪು ಕಾಣುತ್ತದೆ. ಕಲ್ಲಚ್ಚಿನ ಹಳೆಯ ಪ್ರತಿಯಲ್ಲಿ ಹೂವಿನ ಗುಂಪಿಲ್ಲ. ಕೈಯಿಂದ ಇಟ್ಟ, ಅಳತೆ ತಪ್ಪಿದ ಚುಕ್ಕಿಗಳಿರುತ್ತವೆ. ಮರುಮುದ್ರಣದ ನಿಜವಾದ ಕಷ್ಟ ಇಲ್ಲಿದೆ: ಹಳೆಯ ಚುಕ್ಕಿಗಳನ್ನು ಸ್ಕ್ಯಾನ್ ಮಾಡಿ ಹೊಸ ಚುಕ್ಕಿಗಳಲ್ಲಿ ಅಚ್ಚು ಹಾಕಿದಾಗ ಎರಡು ಜಾಲರಿ ಒಂದರ ಮೇಲೊಂದು ಕೂತಂತಾಗಿ ಅಲೆಅಲೆಯಾದ ಪಟ್ಟೆಗಳು ಹುಟ್ಟುತ್ತವೆ. ಸೊಳ್ಳೆಪರದೆಯ ಎರಡು ಪದರ ಸರಿದಾಗ ಕಾಣುವ ಅಲೆಯೇ ಇದು. ಅದನ್ನು ತಪ್ಪಿಸಲು ಚಿತ್ರವನ್ನು ಸ್ವಲ್ಪ ಮಬ್ಬು ಮಾಡುತ್ತಾರೆ. ಮಬ್ಬು ಮಾಡಿದಾಗ ಕಪ್ಪು ಗೆರೆಯ ಚೂಪೂ ಹೋಗುತ್ತದೆ.

ಕಪ್ಪು ಗೆರೆಯನ್ನು ಕನ್ನಡಿಯಲ್ಲಿ ನೋಡಿದರೆ ಆವೃತ್ತಿಯ ಹಿಂದಿನ ಶ್ರಮ ಗೊತ್ತಾಗುತ್ತದೆ. ಗೆರೆ ಗಟ್ಟಿ ಕಪ್ಪು ಶಾಯಿಯೊಂದರಲ್ಲೇ ಇದ್ದರೆ ಯಾರೋ ಅದನ್ನು ಬಣ್ಣದಿಂದ ಬಿಡಿಸಿ, ಶುಚಿ ಮಾಡಿ, ಬೇರೆಯಾಗಿಯೇ ಅಚ್ಚು ಹಾಕಿದ್ದಾರೆ. ಗೆರೆಯ ಒಳಗೆ ನೀಲಿ, ಕೆಂಪು ಚುಕ್ಕಿಗಳು ಬೆರೆತಿದ್ದರೆ ಇಡೀ ಕಾರ್ಡನ್ನು ಒಂದು ಫೋಟೋದಂತೆ ತೆಗೆದು ಅಚ್ಚು ಹಾಕಿದ್ದಾರೆ. ಎರಡನೆಯ ವಿಧಾನದಲ್ಲಿ ಒಂದು ಶಾಯಿಯ ರಿಜಿಸ್ಟರ್, ಎಂದರೆ ಅದು ಕೂರಬೇಕಾದ ಜಾಗ, ಕೂದಲಿನಷ್ಟು ತಪ್ಪಿದರೂ ಗೆರೆಯ ಒಂದು ಬದಿಗೆ ಬಣ್ಣದ ನೆರಳು ಬೀಳುತ್ತದೆ, ಕಣ್ಣು-ಮೂಗು ಸೋರಿದಂತೆ ಕಾಣುತ್ತವೆ.

ಬಣ್ಣ ಹೋಲಿಸುವಾಗ ಹಗಲಿನ ಬೆಳಕೇ ಬೇಕು. ಹಳದಿ ಬಲ್ಬಿನ ಕೆಳಗೆ ಸೆಂಟೆನಿಯಲ್ ಇನ್ನೂ ಕಂದಾಗಿ, ಯೂನಿವರ್ಸಲ್ ವೇಟ್ ಇದ್ದುದಕ್ಕಿಂತ ಬೆಚ್ಚಗೆ ಕಾಣುತ್ತದೆ. ಪರದೆಯ ಮೇಲಿನ ಚಿತ್ರ ನೋಡಿ ಬಣ್ಣ ನಿರ್ಧರಿಸುವುದಂತೂ ಬೇಡ.

ಕಳೆದುಹೋಗುವ ವಿವರಗಳು

ಗೆರೆ ಮಬ್ಬಾದರೆ ಅಥವಾ ಕಾರ್ಡು ಚಿಕ್ಕದಾದರೆ ಮೊದಲು ಮಾಯವಾಗುವುದು ಸ್ಮಿತ್ ಹುದುಗಿಸಿಟ್ಟ ಸಣ್ಣ ಸಂಗತಿಗಳು. ಡೆಕ್ ಕೈಗೆ ಬಂದ ಕೂಡಲೇ ಈ ಕಾರ್ಡುಗಳನ್ನು ತೆಗೆದು ನೋಡಿ.

ಟೆಂಪರೆನ್ಸ್‌ನಲ್ಲಿ ದೇವದೂತನ ಎದೆಯ ಮೇಲೆ ಚೌಕ, ಅದರೊಳಗೆ ತ್ರಿಕೋನವಿದೆ. ಅದರ ಮೇಲ್ಗಡೆ, ನಿಲುವಂಗಿಯ ಮಡಿಕೆಯಲ್ಲಿ, ದೇವರ ಹೆಸರಿನ ನಾಲ್ಕು ಹೀಬ್ರೂ ಅಕ್ಷರಗಳಿವೆ. ಬಟ್ಟೆಯ ಗೆರೆಗಳಲ್ಲಿ ಅವು ಬೆರೆತೇ ಇರುವುದರಿಂದ ಕೆಟ್ಟ ಮುದ್ರಣದಲ್ಲಿ ಬರೀ ಸುಕ್ಕಿನಂತೆ ಕಾಣುತ್ತವೆ. ಅಕ್ಷರ ಓದಲು ಬಂದರೆ ಗೆರೆ ಚೆನ್ನಾಗಿದೆ ಎಂದೇ ಲೆಕ್ಕ. ಎಲ್ಲಕ್ಕಿಂತ ಕಠಿಣ ಪರೀಕ್ಷೆ ಇದು.

ನೈನ್ ಆಫ್ ಸೋರ್ಡ್ಸ್‌ನಲ್ಲಿ ಹಾಸಿಗೆಯ ಮೇಲೆ ಎದ್ದು ಕುಳಿತು ಮುಖ ಮುಚ್ಚಿಕೊಂಡ ವ್ಯಕ್ತಿಯ ಹೊದಿಕೆಯನ್ನು ನೋಡಿ. ಅದರ ಚೌಕಗಳಲ್ಲಿ ಗುಲಾಬಿಗಳೂ ರಾಶಿ-ಗ್ರಹಗಳ ಸಂಜ್ಞೆಗಳೂ ಇವೆ. ಮಂಚದ ಪಕ್ಕದ ಮರದಲ್ಲಿ ಒಬ್ಬ ಇನ್ನೊಬ್ಬನನ್ನು ಹೊಡೆದು ಬೀಳಿಸುವ ಕೆತ್ತನೆಯಿದೆ. ಜೇಬಿನ ಅಳತೆಯ ಡೆಕ್ಕುಗಳಲ್ಲಿ ಸಂಜ್ಞೆಗಳು ಚುಕ್ಕಿಗಳಾಗುತ್ತವೆ, ಕೆತ್ತನೆ ಕಪ್ಪು ಕಲೆಯಾಗುತ್ತದೆ. ಈ ಕಾರ್ಡಿನ ಓದಿಗೆ ಕೆತ್ತನೆ ಬೇಕೇ ಬೇಕು ಎನ್ನುವವರು ಚಿಕ್ಕ ಡೆಕ್ ಕೊಳ್ಳಬಾರದು.

ವೀಲ್ ಆಫ್ ಫಾರ್ಚ್ಯೂನ್‌ನ ಚಕ್ರದೊಳಗಿನ ರಸವಿದ್ಯೆಯ ಸಂಜ್ಞೆಗಳು, ಹರ್ಮಿಟ್‌ನ ಲಾಂದ್ರದೊಳಗಿನ ಆರು ಮೂಲೆಯ ನಕ್ಷತ್ರ, ಹೈ ಪ್ರೀಸ್ಟೆಸ್‌ನ ಮಡಿಲಿನ ಸುರುಳಿಯ ಮೇಲಿನ ಅಕ್ಷರಗಳು, ಟೆನ್ ಆಫ್ ಪೆಂಟಕಲ್ಸ್‌ನ ಮುದುಕನ ನಿಲುವಂಗಿ, ಇವೂ ಹೀಗೆಯೇ. ಕೊನೆಗೆ ಕಾರ್ಡಿನ ಕೆಳಭಾಗದಲ್ಲಿ ಸ್ಮಿತ್ ಅವರ ಸಹಿಯ ಗುರುತನ್ನು ಹುಡುಕಿ. ಮೂರು ಅಕ್ಷರಗಳು ಬಳ್ಳಿಯಂತೆ ಹೆಣೆದುಕೊಂಡ ಗುರುತು ಅದು. ಮರುರಚನೆಯ ಡೆಕ್ಕುಗಳಲ್ಲಿ ಅದು ಇರುವುದಿಲ್ಲ.

ಅಂಚಿಲ್ಲದ ಡೆಕ್ಕುಗಳ ಬಗ್ಗೆ ಇಲ್ಲೇ ಒಂದು ಮಾತು. ಬಿಳಿ ಅಂಚು ತೆಗೆದರೆ ಚಿತ್ರ ದೊಡ್ಡದಾಗುತ್ತದೆ, ಪಕ್ಕಪಕ್ಕ ಇಟ್ಟ ಕಾರ್ಡುಗಳ ದೃಶ್ಯಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ನೋಡಲು ನಿಜಕ್ಕೂ ಚೆಂದ. ಆದರೆ ಮುದ್ರಣಾಲಯದಲ್ಲಿ ಅಂಚಿನವರೆಗೂ ಬಣ್ಣ ಬರಬೇಕಾದರೆ ಕತ್ತರಿಸುವ ಗೆರೆಯಿಂದಾಚೆಗೆ ಸುಮಾರು 3 ಮಿ.ಮೀ. ಚಿತ್ರ ಹೆಚ್ಚುವರಿಯಾಗಿ ಇರಬೇಕು. ಸ್ಮಿತ್ ಚಿತ್ರಗಳನ್ನು ಚೌಕಟ್ಟಿನೊಳಗೆ ಬರೆದವರು. ಆಚೆಗೆ ಏನೂ ಇಲ್ಲ. ಹಾಗಾಗಿ ಪ್ರಕಾಶಕರು ಒಂದೋ ಚಿತ್ರದ ಬದಿಯನ್ನು ಬಲಿಕೊಡಬೇಕು, ಇಲ್ಲವೇ ಆಕಾಶ-ನೆಲವನ್ನು ತಾವೇ ಬೆಳೆಸಬೇಕು. ಸಹಿಯ ಗುರುತು ಅಂಚಿಗೆ ಅಂಟಿಕೊಂಡಂತೆ ಕಾಣುವುದು, ಕತ್ತಿಯ ತುದಿ ತುಂಡಾಗುವುದು ಇದರಿಂದ.

ಅಳತೆ, ರಟ್ಟು, ಬೆನ್ನು

ಯುಎಸ್ ಗೇಮ್ಸ್‌ನ ಸಾಮಾನ್ಯ ಡೆಕ್ 70 ಮಿ.ಮೀ. ಅಗಲ, 120 ಮಿ.ಮೀ. ಉದ್ದ. ಲೋ ಸ್ಕಾರಬೇಯೊದ್ದು 66 ಮಿ.ಮೀ. ಅಗಲ, 120 ಮಿ.ಮೀ. ಉದ್ದ. ಈ 4 ಮಿ.ಮೀ. ವ್ಯತ್ಯಾಸ ಕಾಗದದ ಮೇಲೆ ಸಣ್ಣದು, ಕೈಯಲ್ಲಿ ಸಣ್ಣದಲ್ಲ. ಚಿಕ್ಕ ಅಂಗೈಯವರಿಗೆ 70 ಮಿ.ಮೀ. ಕಟ್ಟನ್ನು ಇಸ್ಪೀಟಿನಂತೆ ಕಲೆಸಲು ಬೆರಳು ಸಾಲುವುದಿಲ್ಲ, 66 ಸಲೀಸು. ಪೋಕರ್ ಇಸ್ಪೀಟು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಆ ಅಳತೆಯಲ್ಲಿ ಟ್ಯಾರೋ ಹಾಕಿದರೆ ಚಿತ್ರದ ಪ್ರಮಾಣ ಹೊಂದುವುದಿಲ್ಲ. ಟ್ಯಾರೋ ಚಿತ್ರ ಉದ್ದ-ಕಿರಿದು, ಇಸ್ಪೀಟು ಗಿಡ್ಡ-ಅಗಲ. ಬದಿಗೆ ಅಗಲವಾದ ಅಂಚು ಬಿಡಬೇಕು ಅಥವಾ ತಲೆ-ಕಾಲು ಕತ್ತರಿಸಬೇಕು.

ದಪ್ಪದ ಲೆಕ್ಕ ಹೀಗೆ: ಒಂದು ಕಾರ್ಡು 0.30 ಮಿ.ಮೀ. ಇದ್ದರೆ 78 ಕಾರ್ಡುಗಳ ಕಟ್ಟು 23.4 ಮಿ.ಮೀ. ಆಗುತ್ತದೆ. 0.40 ಮಿ.ಮೀ. ಇದ್ದರೆ 31.2 ಮಿ.ಮೀ. ದಪ್ಪ ರಟ್ಟು ಐಷಾರಾಮಿಯೆನಿಸುತ್ತದೆ, ಆದರೆ ಆ ಕಟ್ಟನ್ನು ಬಗ್ಗಿಸಿ ಕಲೆಸಲು ಆಗದು, ಬಗ್ಗಿಸಿದರೆ ಮಧ್ಯದಲ್ಲಿ ಮುರಿದ ಗೆರೆ ಬೀಳುತ್ತದೆ. ದಿನವೂ ಕೈಯಾಡಿಸುವ ಡೆಕ್ಕಿಗೆ 300ರಿಂದ 350 ಜಿಎಸ್ಎಂ (ಒಂದು ಚದರ ಮೀಟರ್ ರಟ್ಟಿನ ತೂಕ, ಗ್ರಾಂನಲ್ಲಿ) ಹದವಾದದ್ದು. ಪೂರ್ತಿ ಹೊಳಪಿನ ಲ್ಯಾಮಿನೇಶನ್ ಇದ್ದರೆ ಕಾರ್ಡುಗಳು ಮೊದಲ ವಾರ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದೀಪದ ಬೆಳಕು ಚಿತ್ರದ ಮೇಲೆ ಕುಕ್ಕುತ್ತದೆ. ಮ್ಯಾಟ್ ಲ್ಯಾಮಿನೇಶನ್ ಕಣ್ಣಿಗೆ ಹಿತ, ಆದರೆ ಗಾಢ ಬಣ್ಣದ ಅಂಚಿದ್ದರೆ ಮೂಲೆಗಳು ಬೇಗ ಬೆಳ್ಳಗಾಗುತ್ತವೆ. ಮುಖಕ್ಕೊಂದೇ ಲ್ಯಾಮಿನೇಶನ್ ಹಾಕಿ ಬೆನ್ನನ್ನು ಹಾಗೇ ಬಿಟ್ಟ ಡೆಕ್ ತೇವದ ದಿನಗಳಲ್ಲಿ ದೋಣಿಯಂತೆ ಬಾಗುತ್ತದೆ, ಏಕೆಂದರೆ ತೇವ ಹೀರುವುದು ಒಂದು ಬದಿ ಮಾತ್ರ.

ಬೆನ್ನಿನ ವಿನ್ಯಾಸ ತಲೆಕೆಳಗಾದ ಕಾರ್ಡುಗಳನ್ನು ಓದುವವರಿಗೆ ಮುಖ್ಯ. ಒಂದು ಕಾರ್ಡನ್ನು 180 ಡಿಗ್ರಿ ತಿರುಗಿಸಿ ಇನ್ನೊಂದರ ಪಕ್ಕ ಇಡಿ. ಎರಡು ಬೆನ್ನಿನ ನಡುವೆ ವ್ಯತ್ಯಾಸ ಕಂಡರೆ ಯಾವ ಕಾರ್ಡು ತಲೆಕೆಳಗಾಗಿದೆ ಎಂಬುದು ತೆರೆಯುವ ಮೊದಲೇ ತಿಳಿದುಬಿಡುತ್ತದೆ. ಚೌಕುಳಿ ಬೆನ್ನು ಈ ವಿಷಯದಲ್ಲಿ ಸುರಕ್ಷಿತ. ಹೂವು, ಸಹಿ, ಲಾಂಛನ ಇರುವ ಬೆನ್ನುಗಳನ್ನು ಮೊದಲೇ ಪರೀಕ್ಷಿಸಬೇಕು.

ನಕಲಿ ಗುರುತಿಸುವುದು

ಹೆಸರಾದ ಡೆಕ್ ಆದುದರಿಂದ ಕಳ್ಳಮುದ್ರಣಗಳೂ ಧಾರಾಳವಾಗಿವೆ. ಅಸಲಿ ಕಾರ್ಡನ್ನೇ ಸ್ಕ್ಯಾನ್ ಮಾಡಿ ಹಾಕಿದ್ದರಿಂದ ಅವುಗಳ ದೋಷ ಮೇಲೆ ಹೇಳಿದ ಪರೀಕ್ಷೆಗಳಲ್ಲೇ ಸಿಕ್ಕಿಬೀಳುತ್ತದೆ: ಶೀರ್ಷಿಕೆಯ ಅಕ್ಷರದ ಸುತ್ತ ಬಣ್ಣದ ಚುಕ್ಕಿ, ಓದಲಾಗದಷ್ಟು ಕಲಸಿಹೋದ ಅಥವಾ ಅಳಿಸಿದ ಹಕ್ಕುಸ್ವಾಮ್ಯದ ಸಾಲು, ಒಂದು ಬದಿಗೆ ದಪ್ಪ ಒಂದು ಬದಿಗೆ ಸಣ್ಣ ಅಂಚು. ಪುಸ್ತಿಕೆಯ ಬದಲು ಪೆಟ್ಟಿಗೆಯ ಮೇಲೆ ಕ್ಯೂಆರ್ ಕೋಡ್ ಇರುವುದು ಬಹಳ ಸಲ ಕಾಣುವ ಸುಳಿವು. ಅಳತೆಪಟ್ಟಿ ಇಟ್ಟು ಅಳೆಯಿರಿ, ಪೆಟ್ಟಿಗೆಯ ಚಿತ್ರ ದೊಡ್ಡ ಡೆಕ್ಕಿನದಾಗಿದ್ದು ಒಳಗಿನದು ಎಷ್ಟೋ ಚಿಕ್ಕದಾಗಿರುತ್ತದೆ. ಕಾರ್ಡುಗಳನ್ನು ಎಣಿಸಿ: ಫೂಲ್, ಸನ್‌ಗಳಂಥ ಮೇಜರ್ ಕಾರ್ಡುಗಳು 22, ವಾಂಡ್ಸ್, ಕಪ್ಸ್, ಸೋರ್ಡ್ಸ್, ಪೆಂಟಕಲ್ಸ್ ಎಂಬ ನಾಲ್ಕು ಗುಂಪುಗಳಲ್ಲಿ ತಲಾ 14, ಒಟ್ಟು 78. ಯುಎಸ್ ಗೇಮ್ಸ್ ಡೆಕ್ಕುಗಳಲ್ಲಿ ಜಾಹೀರಾತು ಅಥವಾ ಪರಿಚಯದ ಒಂದೆರಡು ಕಾರ್ಡು ಹೆಚ್ಚಿಗೆ ಇರಬಹುದು, ಅದು ದೋಷವಲ್ಲ. ಸ್ಟ್ರೆಂತ್ 8 ಆಗಿಯೂ ಜಸ್ಟಿಸ್ 11 ಆಗಿಯೂ ಇರಬೇಕು. ಫ್ರಾನ್ಸಿನ ಹಳೆಯ ಮಾರ್ಸೆ ಟ್ಯಾರೋ ಸಂಪ್ರದಾಯದಲ್ಲಿ ಇದು ತಿರುವುಮುರುವು, ಈ ಡೆಕ್ಕಿನಲ್ಲಿ 1909ರಿಂದಲೂ ಹೀಗೆಯೇ.

ಯಾವುದನ್ನು ಆರಿಸಬೇಕು? ಪುಸ್ತಕ ಹಿಡಿದು ಕಲಿಯುವವರಿಗೆ 1971ರ ಹಳದಿ ಪೆಟ್ಟಿಗೆ ಈಗಲೂ ಸಾಕು. ಎದುರಿನವರಿಗಾಗಿ ಓದುವವರಿಗೆ ಯೂನಿವರ್ಸಲ್ ವೇಟ್. ಸ್ಮಿತ್ ಅವರ ಕೈಯನ್ನು ನೋಡಬೇಕೆನ್ನುವವರಿಗೆ ಸೆಂಟೆನಿಯಲ್, ಅದೂ 70 ಮಿ.ಮೀ. ಅಗಲದ ಪೂರ್ಣ ಅಳತೆಯದು, ಅಂಚು ಇರುವುದು. ಒಂದೇ ಡೆಕ್ ಇಟ್ಟುಕೊಳ್ಳುವುದಾದರೆ ನಮ್ಮ ಆಯ್ಕೆಯೂ ಕೊನೆಯದೇ. ಬಣ್ಣ ಕಂದೆನಿಸಿದರೂ ಟೆಂಪರೆನ್ಸ್‌ನ ನಾಲ್ಕು ಅಕ್ಷರಗಳನ್ನು ಅದರಲ್ಲಿ ಹುಡುಕಿ ನೋಡಿ, ಆಮೇಲೆ ಕಾರ್ಡಿನ ಕೆಳಗಿನ ಶೀರ್ಷಿಕೆಯ ಕೈಬರಹವನ್ನು ನೋಡಿ.